ಬಿದ್ದದ್ದು ನೀನೇ ತಾನೇ?

ಭಾರತೀಯ ನ್ಯಾಯ ಸಂಹಿತೆಯ 116ನೇ ಕಲಮಿನಲ್ಲಿ ಎಂಟು ಬಗೆಯ ಗಂಭೀರ ಗಾಯಗಳ ಪಟ್ಟಿ ಇದೆ. ಎಂಟನೆಯದರ ಪ್ರಕಾರ ಜೀವಕ್ಕೆ ಅಪಾಯವಾಗಿರಬೇಕು, ಇಲ್ಲವೇ ಗಾಯಾಳು 15 ದಿನ ತೀವ್ರ ನೋವು ತಿಂದಿರಬೇಕು, ಅಥವಾ ಅಷ್ಟು ದಿನ ಮಾಮೂಲಿ ಕೆಲಸ ಮಾಡಲಾಗದೆ ಕೂತಿರಬೇಕು. ಬ್ರಿಟಿಷರು 1860ರಲ್ಲಿ ಬರೆದಿಟ್ಟುಹೋದ ದಂಡಸಂಹಿತೆಯಲ್ಲಿ ಇದು 20 ದಿನ ಇತ್ತು. 2024ರ ಜುಲೈ 1ರಿಂದ ಐದು ದಿನ ಕಡಿತ. ಹಾಲು, ಹೂವು, ಮೆಟ್ರೋ ಟಿಕೆಟ್ಟು ಎಲ್ಲವೂ ಏರುತ್ತಿರುವ ಕಾಲದಲ್ಲಿ ಸರ್ಕಾರ ಇಳಿಸಿ ತೋರಿಸಿದ್ದು ನೋವಿನ ಅವಧಿಯನ್ನು ಮಾತ್ರ. ಮೂಳೆ ಮುರಿದುಕೊಂಡವರಿಗೆ ಇಷ್ಟೂ ಕಾಯುವ ಗೋಜಿಲ್ಲ. ಮೂಳೆಯೋ ಹಲ್ಲೋ ಮುರಿದರೆ, ಕೀಲು ತಪ್ಪಿದರೆ, ಏಳನೆಯ ಬಾಬಿನಲ್ಲಿ ನೇರ ಪ್ರವೇಶ.

ನೋವಿಗೆ ಅವಧಿ ಗೊತ್ತುಮಾಡಿದ ಮೇಲೆ ಕರುಣೆಗೂ ಮಾಡಬೇಕಲ್ಲ. ರಾಜ್ಯ ಸರ್ಕಾರದ ಕರುಣೆ 48 ಗಂಟೆ, 25 ಸಾವಿರ ರೂಪಾಯಿವರೆಗೆ. ಅದಕ್ಕೆ ಮುಖ್ಯಮಂತ್ರಿ ಸಾಂತ್ವನ ಹರೀಶ್ ಯೋಜನೆ ಎಂದು ಹೆಸರು. 2016ರ ಫೆಬ್ರವರಿಯಲ್ಲಿ ಊರಿಗೆ ಹೋಗಿ ಮತ ಹಾಕಿ ಬೈಕಿನಲ್ಲಿ ಬೆಂಗಳೂರಿಗೆ ಮರಳುತ್ತಿದ್ದ ಹರೀಶ್ ಎಂಬ ಯುವಕನ ಮೇಲೆ ನೆಲಮಂಗಲದ ಬಳಿ ಲಾರಿ ಹರಿಯಿತು. ದೇಹ ಎರಡಾಗಿದ್ದರೂ, ನನ್ನ ಕಣ್ಣು ಯಾರಿಗಾದರೂ ಕೊಡಿ ಎಂದು ಕೇಳಿಕೊಂಡ ಆತನ ವಿಷಯದಲ್ಲಿ ವ್ಯಂಗ್ಯದ ಪೆನ್ನು ಕೆಳಗಿಡುವುದು ಮರ್ಯಾದೆ. ಕೇಂದ್ರ ಸರ್ಕಾರದ ಕರುಣೆ 2025ರ ಮೇ ತಿಂಗಳಿಂದ ಜಾರಿಯಲ್ಲಿದೆ: ಏಳು ದಿನ, ಒಂದೂವರೆ ಲಕ್ಷ. ಕಚೇರಿಯ ಕರುಣೆ ಮುಂದಿನ ಡೆಡ್‌ಲೈನ್‌ವರೆಗೆ. ನೆಂಟರ ಕರುಣೆ ಮೊದಲ ಭಾನುವಾರ ಸಂಜೆಯ ಕಾಫಿ ಲೋಟ ಕೆಳಗಿಡುವವರೆಗೆ. ಈ ಯಾವ ಸುತ್ತೋಲೆಯೂ ಮೂಳೆಗೆ ಮಾತ್ರ ತಲುಪಿಲ್ಲ. ಮೊಣಕಾಲ ಕೆಳಗಿನ ದೊಡ್ಡ ಮೂಳೆ, ಆಸ್ಪತ್ರೆಯವರು ಟಿಬಿಯಾ ಅನ್ನುತ್ತಾರಲ್ಲ ಅದು, ಕೂಡಲು ನಾಲ್ಕೈದು ತಿಂಗಳು ತೆಗೆದುಕೊಳ್ಳುತ್ತದೆ. ಅದಕ್ಕೆ ಯಾವ ಮಂತ್ರಿಯ ಶಿಫಾರಸೂ ನಡೆಯುವುದಿಲ್ಲ.

ಈ ನಾಲ್ಕೈದು ತಿಂಗಳು ಒಳಗೆ ಮೂಳೆ ತನ್ನ ಕೆಲಸ ಮಾಡಿಕೊಳ್ಳುತ್ತಿದ್ದರೆ, ಹೊರಗೆ ಊರು ಇನ್ನೊಂದು ಕೆಲಸದಲ್ಲಿ ತೊಡಗಿರುತ್ತದೆ. ತನ್ನನ್ನು ತಾನು ಖುಲಾಸೆ ಮಾಡಿಕೊಳ್ಳುವ ಕೆಲಸ. ನ್ಯಾಯಾಲಯ ನಡೆಯುವುದು ಗಾಯಾಳುವಿನ ಮಂಚದ ಸುತ್ತ. ಪ್ಲಾಸ್ಟಿಕ್ ಕುರ್ಚಿಗಳೇ ಕಟಕಟೆ. ಆರೋಪಿ ಮಂಚದ ಮೇಲಿರುತ್ತಾನೆ, ಎದ್ದು ಓಡಿಹೋಗುವ ಭಯವೂ ಇಲ್ಲ.

ಇಂಥ ಒಬ್ಬ ಆರೋಪಿ, ನಮ್ಮ ಕ್ರಾಸಿನ ಹುಡುಗ, ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡದ್ದು ದಕ್ಷಿಣ ಬೆಂಗಳೂರಿನಲ್ಲಿ ಎಂದು ಬರೆದರೆ ಈಗ ಯಾವ ದಕ್ಷಿಣ ಎಂಬ ಪ್ರಶ್ನೆ ಬರುತ್ತದೆ. ಲೋಕಸಭೆಗೆ ಒಂದು ಬೆಂಗಳೂರು ದಕ್ಷಿಣ ಬಹುಕಾಲದಿಂದ ಇದೆ. 2025ರಲ್ಲಿ ರಾಮನಗರ ಜಿಲ್ಲೆಗೂ ಬೆಂಗಳೂರು ದಕ್ಷಿಣ ಎಂದು ಹೆಸರಿಟ್ಟರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಬಿಬಿಎಂಪಿಯನ್ನು ಐದು ಪಾಲಿಕೆ ಮಾಡಿದಾಗ ಇನ್ನೊಂದು ದಕ್ಷಿಣ ಹುಟ್ಟಿತು. ಒಂದೇ ಮೂಳೆ ಹೀಗೆ ಹಲವು ಚೂರಾದರೆ ಅದನ್ನು ವೈದ್ಯರು ಕಮಿನ್ಯೂಟೆಡ್ ಫ್ರ್ಯಾಕ್ಚರ್ ಎನ್ನುತ್ತಾರೆ, ಕೂಡುವುದು ಕಷ್ಟ ಎಂದು ಮೊದಲೇ ಸಹಿ ಹಾಕಿಸಿಕೊಳ್ಳುತ್ತಾರೆ. ಪಾಲಿಕೆ ಚೂರಾದದ್ದರಿಂದ ರಸ್ತೆಗುಂಡಿಗೆ ಮಾತ್ರ ಅನುಕೂಲ. ಇದು ನಮ್ಮದಲ್ಲ ಎನ್ನಲು ಮೊದಲು ಜಲಮಂಡಳಿ, ಬೆಸ್ಕಾಂ, ಮೆಟ್ರೋ ನಿಗಮ, ಕೇಬಲ್‌ನವರು ಎಂಬ ಹಳೆಯ ಬಳಗ ಇತ್ತು. ಈಗ ಪಕ್ಕದ ಪಾಲಿಕೆಯೂ ಸೇರಿಕೊಂಡಿದೆ.

ಬೀಳಲು ಮಾತ್ರ ಈ ಭಾಗ ಪ್ರಶಸ್ತ. ಬಿದ್ದವರನ್ನು ಎತ್ತಿಕೊಂಡು ಹೋಗಲು ಇಷ್ಟು ಹತ್ತಿರ ಇಷ್ಟು ಏರ್ಪಾಡು ಬೇರೆಲ್ಲೂ ಇಲ್ಲ. ತಲೆಗೆ ಪೆಟ್ಟಾದರೆ ಹೊಸೂರು ರಸ್ತೆಯ ನಿಮ್ಹಾನ್ಸ್. ಮೂಳೆಗೆ ಆದರೆ ಅದರ ಬೆನ್ನಿಗೇ ಬೈರಸಂದ್ರದ ಕಡೆ ಸಂಜಯ್ ಗಾಂಧಿ ಅಪಘಾತ ಮತ್ತು ಮೂಳೆಚಿಕಿತ್ಸಾ ಸಂಸ್ಥೆ. ಬಡವರ ಕೈಕಾಲನ್ನು ವರ್ಷಗಳಿಂದ ಜೋಡಿಸುತ್ತಿರುವ ಜಾಗ ಅದು, ಅದರ ಮೇಲೆ ನನ್ನ ತಕರಾರಿಲ್ಲ. ಹೆಸರಿಟ್ಟವರ ಹಾಸ್ಯಪ್ರಜ್ಞೆಗೆ ಮಾತ್ರ ಕೈಮುಗಿಯಬೇಕು. ಸಂಜಯ್ ಗಾಂಧಿ ತೀರಿಕೊಂಡದ್ದು 1980ರ ಜೂನ್ 23ರಂದು, ದೆಹಲಿಯ ಆಕಾಶದಲ್ಲಿ ಪುಟ್ಟ ವಿಮಾನ ಹಾರಿಸುತ್ತಾ ಲಾಗ ಹಾಕಲು ಹೋಗಿ. ನೈಸ್ ರಸ್ತೆಯಲ್ಲಿ ಮುಂದಿನ ಚಕ್ರ ಎತ್ತಿ ವ್ಹೀಲಿಂಗ್ ಮಾಡುವ ಹುಡುಗರಿಗೆ ಇದಕ್ಕಿಂತ ಹೊಂದುವ ವಿಳಾಸ ಇನ್ನಾವುದು?

ಹಗಲಲ್ಲಿ ಬೀಳಲು ವೇಗ ಸಾಲದು. ಟಾಮ್‌ಟಾಮ್ ಎಂಬ ಡಚ್ ಕಂಪನಿ ಲೆಕ್ಕ ಹಾಕಿದಂತೆ 2022ರಲ್ಲಿ ಬೆಂಗಳೂರಿನ ನಡುಭಾಗದಲ್ಲಿ 10 ಕಿಲೋಮೀಟರ್ ಸಾಗಲು 29 ನಿಮಿಷ 10 ಸೆಕೆಂಡು ಬೇಕಿತ್ತು. ಜಗತ್ತಿನಲ್ಲಿ ಎರಡನೇ ಸ್ಥಾನ. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಬೈಕಿನ ಮೇಲೆ ಕೂತು ಬಿದ್ದವನಿದ್ದರೆ ಅವನು ನಿದ್ದೆಯಿಂದ ಬಿದ್ದಿರಬೇಕು. ರಾತ್ರಿ ಹತ್ತಾದ ಮೇಲೆ ಅದೇ ರಸ್ತೆ ಖಾಲಿಯಾಗುತ್ತದೆ, ಹಗಲೆಲ್ಲಾ ಕೂಡಿಟ್ಟ ಅವಸರ ಒಮ್ಮೆಗೇ ಆಕ್ಸಿಲರೇಟರಿಗೆ ಇಳಿಯುತ್ತದೆ. ಬನ್ನೇರುಘಟ್ಟ ರಸ್ತೆಯ ಮೆಟ್ರೋ ತಗಡು, ಬನಶಂಕರಿ ಎರಡನೇ ಹಂತದ ನಾಯಿಗಳ ಸಭೆ, ಜಯನಗರದ ಸಾಲುಮರಗಳಿಂದ ಮೇ ತಿಂಗಳ ಮಳೆಗೆ ಉದುರಿದ ಹೂವಿನ ರಾಶಿ, ಕಂಬದಿಂದ ಕೊರಳ ಎತ್ತರಕ್ಕೆ ಇಳಿಬಿದ್ದ ಕೇಬಲ್ಲು. ಎಲ್ಲವೂ ತಮ್ಮ ತಮ್ಮ ಜಾಗದಲ್ಲಿ ಸಿದ್ಧ.

ಸಂಚಾರಿ ವಿಜಯ್ ನೆನಪಾಗದೆ ಜೆ.ಪಿ. ನಗರದ ಏಳನೇ ಹಂತ ದಾಟುವುದು ನನ್ನಂಥವರಿಗೆ ಈಗಲೂ ಆಗುವುದಿಲ್ಲ. 2021ರ ಜೂನ್ 12ರ ರಾತ್ರಿ, ಕೊರೊನಾ ಲಾಕ್‌ಡೌನಿನಿಂದ ಊರೇ ಬಾಗಿಲು ಹಾಕಿಕೊಂಡಿದ್ದಾಗ, ಗೆಳೆಯನ ಬೈಕಿನ ಹಿಂದೆ ಕೂತಿದ್ದ ಅವರು ಬಿದ್ದರು. ತಲೆಗೆ ಪೆಟ್ಟು. ಮೂರನೇ ದಿನ ಹೋದರು, ಅಂಗಾಂಗಗಳನ್ನು ಕೊಟ್ಟು. ‘ನಾನು ಅವನಲ್ಲ... ಅವಳು’ ಚಿತ್ರಕ್ಕೆ 2014ರ ಸಾಲಿನ ರಾಷ್ಟ್ರಪ್ರಶಸ್ತಿ ತಂದ ನಟ. ಬೈಕು ಓಡಿಸುತ್ತಿದ್ದ ಗೆಳೆಯ ಕಾಲು ಮುರಿದುಕೊಂಡು ಉಳಿದರು. ಹೆಲ್ಮೆಟ್ ಇರಲಿಲ್ಲ ಎಂದು ಪತ್ರಿಕೆಗಳು ಬರೆದವು. ಸಾಮಾಜಿಕ ಜಾಲತಾಣದಲ್ಲಿ ಒಂದು ವಾರ ಎಲ್ಲರ ಡಿಪಿಯಲ್ಲೂ ದೀಪ ಉರಿಯಿತು. ಎರಡನೇ ವಾರ ಹೆಲ್ಮೆಟ್ಟುಗಳು ಮತ್ತೆ ಮೊಣಕೈಗೆ ಇಳಿದವು.

ಮೊಣಕೈಯನ್ನು ನಮ್ಮವರಷ್ಟು ಜೋಪಾನ ಮಾಡುವ ಜನ ಲೋಕದಲ್ಲಿಲ್ಲ. ಮಿಕ್ಕವರು ಹೆಲ್ಮೆಟ್ಟನ್ನು ಪೆಟ್ರೋಲ್ ಟ್ಯಾಂಕಿನ ಮೇಲೆ ಕೂರಿಸಿ ಅದಕ್ಕೆ ಗಾಳಿ ಹಾಕಿಸಿಕೊಂಡು ಹೋಗುತ್ತಾರೆ, ಮುಂದೆ ಪೊಲೀಸರು ಕಂಡರೆ ತಲೆಗೆ ಏರುತ್ತದೆ. ಈ ಹೆಲ್ಮೆಟ್ಟಿಗೂ ಒಂದು ಕಥೆ ಇದೆ. 1935ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ಡಾರ್ಸೆಟ್‌ನಲ್ಲಿ ‘ಅರೇಬಿಯಾದ ಲಾರೆನ್ಸ್’ ಎಂದೇ ಹೆಸರಾದ ಟಿ.ಇ. ಲಾರೆನ್ಸ್ ಸೈಕಲ್ ಹುಡುಗರಿಬ್ಬರನ್ನು ತಪ್ಪಿಸಲು ಹೋಗಿ ಬೈಕಿನಿಂದ ಬಿದ್ದು ಆರನೇ ದಿನ ಸತ್ತರು. ಅವರನ್ನು ನೋಡಿದ್ದ ನರಶಸ್ತ್ರಚಿಕಿತ್ಸಕ ಹ್ಯೂ ಕೇರ್ನ್ಸ್ ಅದನ್ನು ಮರೆಯಲಿಲ್ಲ. ಸೈನ್ಯದ ಬೈಕ್ ಸವಾರರ ತಲೆಪೆಟ್ಟುಗಳನ್ನು ಅಭ್ಯಾಸ ಮಾಡಿ ಹೆಲ್ಮೆಟ್ ತಲೆ ಉಳಿಸುತ್ತದೆ ಎಂದು 1941ರಲ್ಲಿ ಬರೆದರು. ಬ್ರಿಟನ್ ಅದನ್ನು ಎಲ್ಲರಿಗೂ ಕಡ್ಡಾಯ ಮಾಡಿದ್ದು 1973ರಲ್ಲಿ. ನಮ್ಮ 1988ರ ಮೋಟಾರು ವಾಹನ ಕಾಯ್ದೆ ಮುಂದಿನವರು, ಹಿಂದಿನವರು ಇಬ್ಬರಿಗೂ ಹೆಲ್ಮೆಟ್ ಹೇಳಿತ್ತು. ಹಿಂದೆ ಕೂತವರಿಗೂ ತಲೆ ಇದೆ ಎಂದು ಕರ್ನಾಟಕ ಸರ್ಕಾರ ಒಪ್ಪಿಕೊಂಡದ್ದು 2016ರ ಜನವರಿಯಲ್ಲಿ.

ತಲೆಯ ಬೆಲೆಯೂ ಇಳಿಯುತ್ತಾ ಬಂದಿದೆ. 2019ರ ತಿದ್ದುಪಡಿಯಲ್ಲಿ ಕೇಂದ್ರ ಸರ್ಕಾರ ಹೆಲ್ಮೆಟ್ ಇಲ್ಲದ ತಲೆಗೆ 1,000 ರೂಪಾಯಿ ಎಂದಿತು. ಜನ ಕೂಗಾಡಿದರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ 500ಕ್ಕೆ ಇಳಿಸಿತು. 2023ರ ಫೆಬ್ರವರಿಯಲ್ಲಿ ಬಾಕಿ ದಂಡಕ್ಕೆಲ್ಲಾ ಶೇಕಡಾ 50 ರಿಯಾಯಿತಿ ಬಂತು, ಅಂದರೆ 250. ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಆಷಾಢ ಮಾಸದ ಸೀರೆ ಅಂಗಡಿಗೂ ಇಷ್ಟು ಜನ ನುಗ್ಗಿರಲಾರರು, ಕೆಲವೇ ದಿನಗಳಲ್ಲಿ ನೂರು ಕೋಟಿ ಮೀರಿ ವಸೂಲಾಯಿತು. 2025ರಲ್ಲಿ ಮತ್ತೆ ಅದೇ ರಿಯಾಯಿತಿ. ಈಗ ಬುದ್ಧಿವಂತರು ದಂಡ ಕಟ್ಟುವುದಿಲ್ಲ, ಮುಂದಿನ ಸೇಲ್ ಕಾಯುತ್ತಾರೆ. ದೇಶದಲ್ಲಿ 2022ರಲ್ಲಿ ದ್ವಿಚಕ್ರ ವಾಹನದಲ್ಲಿ ಸತ್ತವರು 74,897 ಜನ. ಹೆಲ್ಮೆಟ್ ಇಲ್ಲದೆ ಸತ್ತವರು 50,029. ಅವರ ಪೈಕಿ ಎಷ್ಟು ಮಂದಿಯ ದಂಡ ಬಾಕಿ ಇತ್ತೋ.

ಹುಡುಗನ ವಿಚಾರಣೆಗೆ ಬರೋಣ. ಹೆಲ್ಮೆಟ್ ಹಾಕಿದ್ದ. ಕುಡಿದಿರಲಿಲ್ಲ. ಸಿಗ್ನಲ್ ಹಾರಿರಲಿಲ್ಲ. ಆದ್ದರಿಂದ ಕೇಸು ಸ್ವಲ್ಪ ಜಟಿಲವಾಗಿತ್ತು, ತಪ್ಪು ಹುಡುಕಲು ನೆರೆಹೊರೆಗೆ ಶ್ರಮ ಬಿತ್ತು.

ಮೊದಲು ಬಂದವರು ಚಿಕ್ಕಪ್ಪ. ಚಪ್ಪಲಿ ಬಿಡುತ್ತಲೇ, “ಸ್ಪೀಡಲ್ಲಿದ್ಯಾ?” ಇಲ್ಲ ಎಂದ. “ಮತ್ತೆ ಬಿದ್ದೆ ಹೇಗೆ?” ಇದಕ್ಕೆ ಉತ್ತರವಿಲ್ಲ. ಚಿಕ್ಕಮ್ಮ ನೇರ ಅಡುಗೆಮನೆಗೆ ಹೋಗಿ ಹುಡುಗನ ತಾಯಿಯ ಕಿವಿಯಲ್ಲಿ ಕೇಳಿದ್ದು ಇನ್ನೊಂದು ಪ್ರಶ್ನೆ. ತಾಯಿ ಇಲ್ಲಪ್ಪಾ ಎಂದು ದೇವರ ಕೋಣೆಯತ್ತ ಕೈ ತೋರಿಸಿದ ಮೇಲೂ ಚಿಕ್ಕಮ್ಮನ ಮುಖದಲ್ಲಿ ಸಂಶಯದ ಲಾಭ ಆರೋಪಿಗೆ ಸಿಕ್ಕಂತೆ ಕಾಣಲಿಲ್ಲ. ಎದುರು ಮನೆಯವರು ಪಂಚಾಂಗ ಸಮೇತ ಬಂದರು. ಕುಂಭ ರಾಶಿಗೆ ಸಾಡೇಸಾತಿ, ಬೈಕು ತಂದದ್ದು ಮಂಗಳವಾರ, ಪೂಜೆ ಮಾಡಿಸುವಾಗ ಚಕ್ರದ ಕೆಳಗಿಟ್ಟ ನಿಂಬೆಹಣ್ಣು ಒಂದು ಜಜ್ಜದೆ ಉರುಳಿ ಹೋಗಿತ್ತಂತೆ. ಅಂದೇ ಹೇಳಿದ್ದೆ ಎಂದರು. ಬನಶಂಕರಿ ಅಮ್ಮನ ಗುಡಿಯಲ್ಲಿ ರಾಹುಕಾಲದಲ್ಲಿ ನಿಂಬೆಹಣ್ಣಿನ ದೀಪ ಹಚ್ಚಿಸಲು ಸಲಹೆ ಕೊಟ್ಟರು. ನಿಂಬೆಹಣ್ಣಿನಿಂದ ಆದದ್ದನ್ನು ನಿಂಬೆಹಣ್ಣಿನಿಂದಲೇ ತೆಗೆಯಬೇಕು, ಇದರಲ್ಲಿ ತರ್ಕದೋಷ ಏನೂ ಇಲ್ಲ.

ಕೋಣೆಯಲ್ಲಿ ಅತ್ಯಂತ ಗೌರವದ ಕುರ್ಚಿ ಸಿಕ್ಕಿದ್ದು ಲೋಕೋಪಯೋಗಿ ಇಲಾಖೆಯಿಂದ ನಿವೃತ್ತರಾದ ಎಂಜಿನಿಯರ್ ಒಬ್ಬರಿಗೆ. ಎಕ್ಸ್‌ರೇ ಹಾಳೆಯನ್ನು ಟ್ಯೂಬ್‌ಲೈಟಿಗೆ ಹಿಡಿದು ಬಹಳ ಹೊತ್ತು ನೋಡಿದರು. “ಅಲೈನ್‌ಮೆಂಟ್ ಸರಿ ಇಲ್ಲ” ಎಂದರು. ಮೂಳೆಯೊಳಗೆ ತೂರಿಸಿದ್ದ ರಾಡು ಒಂದು ಮಿಲಿಮೀಟರ್ ವಾಲಿದೆಯಂತೆ. ಅವರ ಸೇವಾವಧಿಯಲ್ಲಿ ಹಾಕಿಸಿದ ರಸ್ತೆಗಳಿಗೆ ಯಾರೂ ಎಕ್ಸ್‌ರೇ ತೆಗೆಸಿರಲಿಲ್ಲ ಎಂಬುದು ಅವರ ಪುಣ್ಯ. ಗುತ್ತಿಗೆದಾರನ ಗುಣಮಟ್ಟದ ಬಗ್ಗೆ ಅವರು ಜೀವಮಾನದಲ್ಲಿ ಆಡಿದ ಮೊದಲ ಟೀಕೆ ಈ ಶಸ್ತ್ರಚಿಕಿತ್ಸಕನ ಮೇಲೆ ಬಿತ್ತು.

ರಾಡಿನ ಕಥೆ ಹೇಳಿಬಿಡುತ್ತೇನೆ, ಇದು ವ್ಯಂಗ್ಯವಲ್ಲ. ಎರಡನೇ ಮಹಾಯುದ್ಧದ ಹೊತ್ತಿಗೆ ಜರ್ಮನಿಯ ಕೀಲ್ ನಗರದ ಗೆರ್ಹಾರ್ಡ್ ಕುಂಟ್‌ಶರ್ ಎಂಬ ವೈದ್ಯ ಉದ್ದ ಮೂಳೆಯ ಟೊಳ್ಳಿನೊಳಗೇ ಉಕ್ಕಿನ ಮೊಳೆ ಇಳಿಸಿ ನಿಲ್ಲಿಸುವುದನ್ನು ಕಂಡುಹಿಡಿದ. ಜರ್ಮನರ ಸೆರೆಯಿಂದ ಬಿಡುಗಡೆಯಾಗಿ ಬಂದ ಮಿತ್ರಪಕ್ಷದ ಸೈನಿಕರ ಎಕ್ಸ್‌ರೇ ತೆಗೆದಾಗ ತೊಡೆಯೊಳಗೆ ಕಂಬಿ ಕಂಡು ಅವರ ಕಡೆಯ ವೈದ್ಯರು ಬೆಚ್ಚಿದರಂತೆ. ತಿಂಗಳುಗಟ್ಟಲೆ ಕಾಲಿಗೆ ಕಲ್ಲು ತೂಗುಹಾಕಿ ಮಲಗಿಸುತ್ತಿದ್ದ ಕಾಲಕ್ಕೆ ಅದು ತೆರೆ ಎಳೆಯಿತು. ಇವತ್ತು ಆಪರೇಷನ್ ಆದ ಮರುದಿನವೇ ರೋಗಿಯನ್ನು ಎಬ್ಬಿಸಿ ವಾಕರ್ ಕೈಗೆ ಕೊಡುವುದು ಆ ಮೊಳೆಯ ದಯೆ. ಜಯನಗರದಲ್ಲಿ ಅದು ಪ್ರತಿಷ್ಠೆಯ ವಿಷಯವೂ ಆಗಿದೆ. “ಸ್ಟೀಲಾ, ಟೈಟಾನಿಯಮ್ಮಾ?” ಎಂದು ಕೇಳುವ ಧಾಟಿ ಮದುವೆ ಮಾತುಕತೆಯಲ್ಲಿ ಬಂಗಾರದ ಗ್ರಾಂ ಕೇಳುವವರದ್ದೇ. ಸ್ಟೀಲು ಎಂದಾಗ ಕೋಣೆಯಲ್ಲಿ ಮೌನ. “ಇರಲಿ ಬಿಡಿ, ಅದೂ ನಡೆಯುತ್ತೆ.”

ಪುತ್ತೂರು ಕಟ್ಟಿನವರು ಬಂದೇ ಬಂದರು. ದಕ್ಷಿಣ ಕನ್ನಡದ ಪುತ್ತೂರಲ್ಲ, ತಿರುಪತಿ ಹತ್ತಿರದ ಆಂಧ್ರದ ಪುತ್ತೂರು. ಸೊಪ್ಪಿನ ಅರಪು, ಮೊಟ್ಟೆಯ ಬಿಳಿ, ಬಿದಿರಿನ ದಬ್ಬೆ ಇಟ್ಟು ಬಿಗಿಯುವ ಆ ಕಟ್ಟಿನ ಬೋರ್ಡು ಇಲ್ಲದ ಬಡಾವಣೆ ಬೆಂಗಳೂರಿನಲ್ಲಿಲ್ಲ. ಎಲ್ಲಾ ಬೋರ್ಡುಗಳಲ್ಲೂ ತಮ್ಮದೊಂದೇ ಅಸಲಿ ಎಂದು ಬರೆದಿರುತ್ತದೆ. “ಆಪರೇಷನ್ ಯಾಕೆ ಮಾಡಿಸಿದಿರಿ? ಮೂರು ಕಟ್ಟಿಗೆ ಓಡಾಡ್ತಿದ್ದ” ಎಂದರು ಮೂಲೆಮನೆಯವರು. ರಾಡು ಒಳಗೆ ಹೋಗಿ ಆಗಿದೆ, ಈಗ ಹೇಳಿ ಏನು ಪ್ರಯೋಜನ ಎಂದರೆ, ಮೇಲೊಂದು ಕಟ್ಟು ಇರಲಿ ಎನ್ನುತ್ತಾರೆ. ಮಾಂಸಾಹಾರಿಗಳ ಪಕ್ಷ ಕಾಲು ಸೂಪಿಗೆ ಒತ್ತಾಯಿಸಿತು, ಸಸ್ಯಾಹಾರಿಗಳ ಪಕ್ಷ ಮಂಗರವಳ್ಳಿ ಚಟ್ನಿಗೆ. ಮಂಗರವಳ್ಳಿ ತುಂಬಾ ಒಳ್ಳೆಯದು, ಸರಿಯಾಗಿ ಹುರಿಯದಿದ್ದರೆ ಗಂಟಲು ತುರಿಸುತ್ತದೆ ಅಷ್ಟೇ. ಹುಡುಗ ಕಾಲು ನೋವನ್ನು ಒಂದು ದಿನದ ಮಟ್ಟಿಗೆ ಮರೆತ.

ಇಷ್ಟೆಲ್ಲಾ ಜನ ಬಂದರು, ಹೋದರು. ಮೂಸಂಬಿ ರಾಶಿ ಬಿತ್ತು. ರಸ್ತೆ ಹೇಗಿತ್ತು ಎಂದು ಕೇಳಿದವರು ಒಬ್ಬರೂ ಇಲ್ಲ.

ನೆಂಟರನ್ನು ಅಂದು ಪ್ರಯೋಜನವಿಲ್ಲ, ಕಾಗದಪತ್ರವೂ ಹಾಗೇ ಯೋಚಿಸುತ್ತದೆ. ಠಾಣೆಯ ದೂರಿನಲ್ಲಿ ಬರುವ ಮಾತು ಅಚ್ಚುಹಾಕಿದಂತೆ ಒಂದೇ: ಅತಿವೇಗ ಮತ್ತು ಅಜಾಗರೂಕತೆಯಿಂದ ಚಾಲನೆ ಮಾಡಿ. ಲಾರಿ ಗುದ್ದಿದರೆ ಆ ಅತಿವೇಗ ಲಾರಿಯವನದು. ಗುಂಡಿಗೋ ಹಂಪಿಗೋ ಬಿದ್ದರೆ? ಗುಂಡಿಗೆ ಅತಿವೇಗ ಇಲ್ಲ, ಅದು ಇದ್ದಲ್ಲೇ ಇರುತ್ತದೆ. ಅಜಾಗರೂಕತೆಯೂ ಇಲ್ಲ, ಮಳೆಗಾಲದಲ್ಲಿ ನೀರು ತುಂಬಿಕೊಂಡು ಬಹಳ ಜಾಗರೂಕವಾಗಿ ಅಡಗಿರುತ್ತದೆ. ಆದ್ದರಿಂದ ಅದು ಸ್ವಯಂ ಅಪಘಾತ. ದೂರುದಾರ, ಗಾಯಾಳು, ಆರೋಪಿ ಮೂರೂ ಒಬ್ಬನೇ. ಏಕಪಾತ್ರಾಭಿನಯ.

ಸ್ವಯಂ ಅಪಘಾತಕ್ಕೆ ವಿಮೆ ಇಲ್ಲವೇ? ಇದೆ. ವಾಹನ ಮಾಲೀಕ ಚಾಲಕನಿಗೆ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಕಡ್ಡಾಯ. ಸತ್ತರೆ ಪೂರ್ತಿ. ಎರಡು ಕಾಲೂ ಹೋದರೆ ಪೂರ್ತಿ. ಒಂದು ಕಾಲು ಹೋದರೆ ಅರ್ಧ. ಕಾಲು ಮುರಿದು ಮತ್ತೆ ಕೂಡಿದರೆ ಸೊನ್ನೆ. ಗುಣವಾದವನಿಗೆ ಯಾಕೆ ದುಡ್ಡು ಎಂಬುದು ಒಪ್ಪಬೇಕಾದ ಮಾತೇ. ಆಸ್ಪತ್ರೆ ವಿಮೆ ಇದ್ದವರು ಬಿಲ್ಲಿನ ಕೊನೆಯ ಪುಟ ಓದಿ ಇನ್ನೊಮ್ಮೆ ಮಲಗುತ್ತಾರೆ, ಏಕೆಂದರೆ ಕೈಗವಸು, ಹತ್ತಿ, ಅಂಟುಪಟ್ಟಿ ಇವೆಲ್ಲಾ ಅನೇಕ ಪಾಲಿಸಿಗಳ ಪ್ರಕಾರ ಚಿಕಿತ್ಸೆಯ ಭಾಗವಲ್ಲ, ರೋಗಿಯ ಶೋಕಿ.

ಬೈಕಿನ ವಿಮೆ ಇನ್ನೂ ಸ್ವಾರಸ್ಯ. ಪ್ಲಾಸ್ಟಿಕ್ಕು, ರಬ್ಬರು, ಟೈರಿಗೆ ಶೇಕಡಾ 50 ಸವಕಳಿ ಕಳೆಯುತ್ತಾರೆ. ಮನುಷ್ಯನಿಗೂ ಹೀಗೇ ಒಂದು ಕೋಷ್ಟಕ ಇದೆ, ಬಹಳ ಜನಕ್ಕೆ ಗೊತ್ತಿಲ್ಲ. 2009ರ ಸರಳಾ ವರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಪರಿಹಾರದ ಗುಣಕಗಳನ್ನು ಗೊತ್ತುಮಾಡಿತು. 25 ವರ್ಷದವರೆಗಿನವರ ವಾರ್ಷಿಕ ಆದಾಯವನ್ನು 18ರಿಂದ ಗುಣಿಸಬೇಕು, ನಲವತ್ತಕ್ಕೆ 15, ಐವತ್ತಕ್ಕೆ 13, ಅರವತ್ತೈದು ದಾಟಿದರೆ 5. ಲೆಕ್ಕ ನ್ಯಾಯವಾದದ್ದೇ, ಅದಕ್ಕೂ ಮೊದಲು ಒಂದೊಂದು ನ್ಯಾಯಾಲಯಕ್ಕೆ ಒಂದೊಂದು ದರ ಇತ್ತು. ಆದರೂ ಬಿಳಿಕೂದಲಿನವರು ಸ್ಕೂಟರ್ ಹತ್ತುವಾಗ ತಾವು ಫೈಬರ್ ಮಡ್‌ಗಾರ್ಡಿಗಿಂತ ಬೇಗ ಸವೆಯುತ್ತಿರುವುದನ್ನು ನೆನಪಿಡಲಿ. ಇನ್ನು ಅಂಗವೈಕಲ್ಯ ಶೇಕಡಾ ಎಷ್ಟು ಎಂಬ ಹರಾಜು. ಗಾಯಾಳುವಿನ ವೈದ್ಯರು ಕಾಲಿಗೆ ಶೇಕಡಾ 30 ಎನ್ನುತ್ತಾರೆ. ಕಂಪನಿಯ ವಕೀಲರು, ಸರಿ, ಇಡೀ ದೇಹಕ್ಕೆ ಅದರ ಮೂರನೇ ಒಂದು ಭಾಗ ಎನ್ನುತ್ತಾರೆ. ಕೂತು ಕೆಲಸ ಮಾಡುವವನಿಗೆ ಕಾಲು ಯಾತಕ್ಕೆ ಎಂಬ ಘನವಾದ ಪ್ರಶ್ನೆಯೂ ಬರುತ್ತದೆ. ಇಷ್ಟಕ್ಕೂ ಇದೆಲ್ಲಾ ಇನ್ನೊಬ್ಬ ಗುದ್ದಿದವರ ಭಾಗ್ಯ. ಸ್ವಯಂ ಬಿದ್ದವನಿಗೆ ಕಟಕಟೆ ಹತ್ತುವ ಯೋಗವೂ ಇಲ್ಲ.

ರಸ್ತೆ ಮಾಡಿದವರನ್ನು ಕಾನೂನು ಪೂರಾ ಬಿಟ್ಟಿಲ್ಲ, ಅನ್ಯಾಯ ಮಾತಾಡಬಾರದು. 2019ರ ತಿದ್ದುಪಡಿಯ 198ಎ ಕಲಮಿನ ಪ್ರಕಾರ ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಯ ಲೋಪದಿಂದ ಸಾವು ಅಥವಾ ಅಂಗವೈಕಲ್ಯ ಆದರೆ ಗುತ್ತಿಗೆದಾರನಿಗೋ ಪ್ರಾಧಿಕಾರಕ್ಕೋ ಒಂದು ಲಕ್ಷದವರೆಗೆ ದಂಡ. ದಂಡ ಹೋಗುವುದು ಸರ್ಕಾರದ ನಿಧಿಗೆ. ಅದೇ ವರ್ಷ ಕರ್ನಾಟಕ ಹೈಕೋರ್ಟ್ ಗುಂಡಿಯಿಂದ ಗಾಯಗೊಂಡವರು ಪಾಲಿಕೆಯನ್ನು ಪರಿಹಾರ ಕೇಳಬಹುದು ಎಂದಿತು. ಕೇಳಬಹುದು, ಸಂತೋಷ. ಕೇಳಲು ಹೋಗುವವನ ಕಾಲು ಮುರಿದಿರುತ್ತದೆ. ಅವನು ಬಿದ್ದದ್ದು ಇದೇ ಗುಂಡಿಗೆ ಎಂದು ಸಾಬೀತು ಮಾಡಬೇಕು, ಅಷ್ಟರಲ್ಲಿ ಆ ಗುಂಡಿ ಎರಡು ಪಕ್ಕದ ಗುಂಡಿಗಳೊಂದಿಗೆ ಕೂಡಿಕೊಂಡು ಬೇರೆಯೇ ಆಕಾರ ತಾಳಿರುತ್ತದೆ. ಕೂಡುವುದರಲ್ಲಿ ನಮ್ಮ ಗುಂಡಿಗಳು ಮೂಳೆಗಿಂತ ಚುರುಕು.

ರಸ್ತೆಗೆ ಚಿಕಿತ್ಸೆ ಬೇಗ ಸಿಗಬೇಕಾದರೆ ಮನುಷ್ಯನನ್ನು ಬೀಳಿಸಿ ಪ್ರಯೋಜನವಿಲ್ಲ ಎಂದು ಕಂಡುಕೊಂಡವರು ಕಲಾವಿದ ಬಾದಲ್ ನಂಜುಂಡಸ್ವಾಮಿ. 2015ರಲ್ಲಿ ಸುಲ್ತಾನ್‌ಪಾಳ್ಯದ ಒಂದು ಮಹಾಗುಂಡಿಯಲ್ಲಿ ನಿಜಗಾತ್ರದ ಫೈಬರ್ ಮೊಸಳೆ ಬಿಟ್ಟರು. ಪಾಲಿಕೆ ಓಡಿಬಂದು ಮುಚ್ಚಿತು. 2019ರ ಸೆಪ್ಟೆಂಬರಿನಲ್ಲಿ ಹೇರೋಹಳ್ಳಿ ಕಡೆಯ ರಸ್ತೆಯಲ್ಲಿ ಗಗನಯಾತ್ರಿಯ ಉಡುಪು ತೊಟ್ಟ ಒಬ್ಬರನ್ನು ನಿಧಾನವಾಗಿ ನಡೆಸಿದರು. ಚಂದ್ರನ ಮೇಲೆ ನಡೆದಂತೆ ಕಂಡಿತು, ಹಿಂದಿನಿಂದ ಆಟೋ ಬರುವವರೆಗೆ. ಅದನ್ನೂ ಕೂಡಲೇ ಸರಿಮಾಡಿದರು. ಮೊಸಳೆಗೆ ಇರುವ ಬೆಲೆ ಮೊಣಕಾಲಿಗೆ ಇಲ್ಲ. ಬೇರೆ ಬೇರೆ ಬಡಾವಣೆಯವರು ಚಂದಾ ಎತ್ತಿ ಒಂದೊಂದು ಪ್ರಾಣಿ ಮಾಡಿಸಿಕೊಳ್ಳುವುದು ಲಾಭದ ವಿಷಯ.

ಮೇಲಿನದೆಲ್ಲಾ ಮಂಚ, ಟ್ಯೂಬ್‌ಲೈಟು, ಚಿಕ್ಕಮ್ಮ ಇರುವವರ ಕಥೆ. ಬಿಟಿಎಂ ಲೇಔಟಿನ ಪಿಜಿಗಳಲ್ಲಿ ಇನ್ನೊಂದು ಜಾತಿಯ ಗಾಯಾಳು ಇದ್ದಾನೆ, ಅವನನ್ನು ನೋಡಲು ಮೂಸಂಬಿ ಹಿಡಿದು ಯಾರೂ ಬರುವುದಿಲ್ಲ. ರಾಯಚೂರಿನಿಂದಲೋ ಕಲಬುರಗಿಯಿಂದಲೋ ಬಂದು ಬೆನ್ನಿಗೆ ಬಣ್ಣದ ಪೆಟ್ಟಿಗೆ ಕಟ್ಟಿಕೊಂಡು ಬೇರೆಯವರ ಇಡ್ಲಿ ಸಾಗಿಸುವವನು. ಮೂರನೇ ಮಹಡಿ, ಲಿಫ್ಟ್ ಇಲ್ಲ, ಹೊರಗಿನ ಶೌಚಾಲಯ ಇಂಡಿಯನ್, ಕಾಲಿಗೆ ತೊಡೆಯವರೆಗೆ ಪ್ಲಾಸ್ಟರು. ಅವನು ಬಿದ್ದಾಗ ಅವನ ಆ್ಯಪಿನಲ್ಲಿ ಮೊದಲು ಬಂದ ಸಂದೇಶ ಆರ್ಡರ್ ತಡವಾಗಿದೆ ಎಂದು. ಎರಡನೆಯದು, ಗ್ರಾಹಕರು ಒಂದು ನಕ್ಷತ್ರ ಕೊಟ್ಟಿದ್ದಾರೆ. ಹತ್ತು ನಿಮಿಷದಲ್ಲಿ ಕೊತ್ತಂಬರಿ ಬೇಕು ಎಂದ ಜೆ.ಪಿ. ನಗರದ ಬಾಲ್ಕನಿಯಲ್ಲೇ, ಈ ಡೆಲಿವರಿ ಹುಡುಗರು ಎಷ್ಟು ರ‍್ಯಾಶ್ ಆಗಿ ಓಡಿಸ್ತಾರೆ ನೋಡಿ ಎಂಬ ಮಾತೂ ಹುಟ್ಟುತ್ತದೆ. 2025ರಲ್ಲಿ ರಾಜ್ಯ ಗಿಗ್ ಕಾರ್ಮಿಕರ ಕಾಯ್ದೆ ತಂದಿತು, ಪ್ರತಿ ವಹಿವಾಟಿನ ಮೇಲೆ ಶೇಕಡಾ 1ರಿಂದ 5ರವರೆಗೆ ಕಲ್ಯಾಣ ಶುಲ್ಕ. ಒಳ್ಳೆಯ ಕೆಲಸ. ಅದು ಮೂರನೇ ಮಹಡಿಯವರೆಗೆ ಮೆಟ್ಟಿಲು ಹತ್ತಿ ಬರಬೇಕಷ್ಟೇ. ಅವನಿಗೆ ಟಿಬಿಯಾ ನಾಲ್ಕು ತಿಂಗಳು ಎಂದು ಹೇಳಿದ ವೈದ್ಯರು ಅವನ ಮುಖ ನೋಡಿರಲಾರರು. ಬೈಕಿನ ಸಾಲದ ಕಂತು ತಿಂಗಳಿಗೊಮ್ಮೆ ಬರುತ್ತದೆ. ಪ್ಲಾಸ್ಟರ್ ಬಿಚ್ಚುವ ಮೊದಲೇ ಅವನು ರಸ್ತೆಗೆ ಇಳಿಯುತ್ತಾನೆ, ಬ್ರೇಕಿನ ಕಾಲು ಬಿಟ್ಟು ಬೇರೆ ಕಾಲು ಮುರಿದಿದ್ದಕ್ಕೆ ದೇವರಿಗೆ ಕೈಮುಗಿದು.

ನಮ್ಮ ಕ್ರಾಸಿನ ಹುಡುಗ ಅಷ್ಟರಲ್ಲಿ ಫಿಸಿಯೋಥೆರಪಿಗೆ ಬಂದಿದ್ದ. ಮೊಣಕಾಲು 90 ಡಿಗ್ರಿ ಮಡಚಬೇಕು ಎಂದು ಅಲ್ಲಿನ ಹೆಣ್ಣುಮಗಳು ನಗುತ್ತಲೇ ಅವನ ಕಾಲಿನ ಮೇಲೆ ಭಾರ ಬಿಡುತ್ತಾಳೆ, ಹುಡುಗ ಚಾವಣಿಯ ಫ್ಯಾನಿನ ರೆಕ್ಕೆ ಎಣಿಸುತ್ತಾನೆ. ದಿನಾ ಸಂಜೆ ನಡೆಯಿರಿ ಎಂದು ಸಲಹೆ. ಊರುಗೋಲು ಹಿಡಿದು ಫುಟ್‌ಪಾತ್ ಹತ್ತಿದ. ಅಲ್ಲಿ ಬೈಕುಗಳು ಬರುತ್ತಿದ್ದವು. ಸಿಗ್ನಲ್ಲಿನಲ್ಲಿ ಜಾಮ್ ಆದಾಗ ಫುಟ್‌ಪಾತೇ ನಮ್ಮ ಸರ್ವಿಸ್ ರಸ್ತೆ. ಹಿಂದಿನಿಂದ ಹಾರ್ನ್ ಹೊಡೆದವನೊಬ್ಬ, “ಸೈಡಿಗೆ ಹೋಗಿ ಗುರು, ಕಾಲು ಸರಿ ಇಲ್ದೋರು ಮನೇಲಿರ್ಬೇಕು” ಎಂದು ಹಿತವಚನ ನುಡಿದು ಹೋದ. ಹೆಲ್ಮೆಟ್ ಅವನ ಮೊಣಕೈಯಲ್ಲಿ ಸುರಕ್ಷಿತವಾಗಿತ್ತು.

ಹುಡುಗ ಬಿದ್ದದ್ದು ಎಲ್ಲಿ ಎಂಬುದನ್ನು ಈಗಲಾದರೂ ಹೇಳಬೇಕು. ನಮ್ಮ ಕ್ರಾಸಿನ ತುದಿಯ ಹಂಪಿನ ಮೇಲೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಎಂಬ ಸಂಸ್ಥೆ ಹಂಪಿಗೆ ಅಳತೆ ಕೊಟ್ಟಿದೆ: ಎತ್ತರ 10 ಸೆಂಟಿಮೀಟರ್, ಅಗಲ 3.7 ಮೀಟರ್, ಮುಂಚೆ ಫಲಕ, ಮೇಲೆ ಬಣ್ಣದ ಪಟ್ಟೆ. ನಮ್ಮದು ಎತ್ತರದಲ್ಲಿ ಧಾರಾಳ, ಅಗಲದಲ್ಲಿ ಜಿಪುಣ, ಬಣ್ಣ ಇಲ್ಲ, ದೀಪದ ಕಂಬ ಇದೆ, ದೀಪ ಇಲ್ಲ. ಯಾರ ಮನೆ ಮುಂದೆ ಅದು ಎದ್ದಿದೆಯೋ ಅವರೇ ಒಂದು ರಾತ್ರಿ ಉಳಿದ ಡಾಂಬರಿನಲ್ಲಿ ಹಾಕಿಸಿದ್ದು ಎಂದು ಎಲ್ಲರಿಗೂ ಗೊತ್ತು. ಅವರು ಹುಡುಗನನ್ನು ನೋಡಲು ಎರಡು ಡಜನ್ ಏಲಕ್ಕಿ ಬಾಳೆ ತಂದಿದ್ದರು.

ಹೋದ ಭಾನುವಾರ ನಿವಾಸಿಗಳ ಸಂಘದ ಸಭೆ ಸೇರಿತು. ಹುಡುಗನೂ ಊರುಗೋಲು ಹಿಡಿದು ಹೋಗಿ ಹಿಂದಿನ ಸಾಲಿನಲ್ಲಿ ಕೂತ. ಅಪಘಾತದ ಬಗ್ಗೆ ಕಳವಳ ವ್ಯಕ್ತಪಡಿಸಲಾಯಿತು. ಯುವಕರು ವೇಗವಾಗಿ ಬರುತ್ತಿರುವುದೇ ಕಾರಣ ಎಂದು ನಿವೃತ್ತ ಎಂಜಿನಿಯರ್ ತಾಂತ್ರಿಕ ಅಭಿಪ್ರಾಯ ಕೊಟ್ಟರು. ಹಂಪಿಗೆ ಇಪ್ಪತ್ತು ಅಡಿ ಮೊದಲೇ ವೇಗ ತಗ್ಗಿಸಲು ಇನ್ನೊಂದು ಹಂಪು ಹಾಕುವುದೆಂದು ಒಮ್ಮತದ ನಿರ್ಣಯವಾಯಿತು. ಅದಕ್ಕಾದರೂ ಬಣ್ಣ ಬಳಿಸಬಾರದೇ ಎಂದು ಹುಡುಗನ ತಾಯಿ ಕೇಳಿದರು. ಖಜಾಂಚಿ ರಸೀದಿ ಪುಸ್ತಕ ತೆಗೆದು, ಬಣ್ಣಕ್ಕೆ ಬೇರೆ ಚಂದಾ ಎತ್ತಬೇಕಾಗುತ್ತದೆ, ನಿಮ್ಮ ಮನೆಯಿಂದಲೇ ಶುರು ಮಾಡೋಣವೇ ಎಂದರು.